ಸೀರೆಗಿಂತ ಉದ್ದದ ಜಿಗಿತ

ಅಕ್ಕಂದಿರೇ, ಒಂದು ಪ್ರಶ್ನೆ. ನೀವು ಉಟ್ಟಿರುವ ಸೀರೆ ಎಷ್ಟು ಉದ್ದ ಇದೆ?

ಸಾಮಾನ್ಯವಾಗಿ ಒಂದು ಸೀರೆ ಸುಮಾರು ಐದೂವರೆ ಮೀಟರ್ ಇರುತ್ತದೆ. ಮನೆಯಲ್ಲಿ ಒಂದು ಹಳೆಯ ಸೀರೆ ತೆಗೆಯಿರಿ. ಅಂಗಳದಲ್ಲಿ ಉದ್ದಕ್ಕೆ ಹಾಸಿ. ಸೆರಗಿನ ತುದಿಯಲ್ಲಿ ನಿಂತು ಇನ್ನೊಂದು ತುದಿಯನ್ನು ನೋಡಿ. ಒಂದೇ ಹಾರಿಗೆ ಅಲ್ಲಿಗೆ ಹೋಗಿ ಬೀಳಬಹುದಾ?

ನಮ್ಮ ಕಲಿಕಾ ಕೇಂದ್ರದಲ್ಲಿ ಹೀಗೇ ಸೀರೆ ಹಾಸಿ ಕೇಳಿದೆವು. ಎಲ್ಲರೂ ನಕ್ಕರು. "ಮಂಗನಿಗಾದ್ರೆ ಆದೀತು ಮಿಸ್, ಮನುಷ್ಯರಿಗೆ ಆಗುತ್ತಾ?" ಅಂತ ಒಬ್ಬ ಅಜ್ಜಿ ಕೇಳಿದರು.

ಆಗುತ್ತೆ ಅಜ್ಜಿ. ಒಬ್ಬ ಹೆಣ್ಣುಮಗಳು ಇದಕ್ಕಿಂತ ಉದ್ದ ಹಾರಿದಳು. ಸೀರೆ ಮುಗಿದ ಮೇಲೆ ಇನ್ನೂ ಒಂದು ಮೀಟರ್ 20 ಸೆಂಟಿಮೀಟರ್ ಮುಂದೆ ಹೋಗಿ ಬಿದ್ದಳು. ಅವಳ ಹೆಸರು ಅಂಜು ಬಾಬಿ ಜಾರ್ಜ್. ಹಾರಿದ್ದು 2003ರಲ್ಲಿ, ಪ್ಯಾರಿಸ್ ನಗರದಲ್ಲಿ. ಈ ಪಾಠದಲ್ಲಿ ಆ ಜಿಗಿತದ ವಿಷಯ ತಿಳಿಯೋಣ. ಜೊತೆಗೆ ಬೆಂಗಳೂರಿನಲ್ಲಿ ಕಲಿತ ಇನ್ನೊಬ್ಬ ಹುಡುಗಿಯ ವಿಷಯವನ್ನೂ ತಿಳಿಯೋಣ.

ಉದ್ದಜಿಗಿತ ಅಂದರೆ ಏನು?

ಹೊಲಕ್ಕೆ ಹೋಗುವಾಗ ದಾರಿಯಲ್ಲಿ ಕಾಲುವೆ ಸಿಗುತ್ತದೆ. ಚಿಕ್ಕ ಕಾಲುವೆಯಾದರೆ ನಿಂತಲ್ಲಿಂದಲೇ ದಾಟುತ್ತೇವೆ. ಅಗಲವಾಗಿದ್ದರೆ ಏನು ಮಾಡುತ್ತೇವೆ? ನಾಲ್ಕು ಹೆಜ್ಜೆ ಹಿಂದೆ ಹೋಗುತ್ತೇವೆ. ಓಡಿ ಬಂದು ಹಾರುತ್ತೇವೆ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಓಟದ ರಭಸ ಇದ್ದರೆ ದೂರ ಹೋಗಬಹುದು ಅಂತ ಕಾಲಿಗೇ ಗೊತ್ತು.

ಉದ್ದಜಿಗಿತವೂ ಇದೇ. ಮೈದಾನದಲ್ಲಿ ಓಡಲು ಒಂದು ನೇರ ದಾರಿ ಇರುತ್ತದೆ. ದಾರಿಯ ಕೊನೆಯಲ್ಲಿ ನೆಲಕ್ಕೆ ಸಮವಾಗಿ ಒಂದು ಬಿಳಿ ಹಲಗೆ ಹೂತಿರುತ್ತಾರೆ. ಅದರ ಅಗಲ 20 ಸೆಂಟಿಮೀಟರ್. ಅಂದರೆ ಹೆಚ್ಚುಕಮ್ಮಿ ಒಂದು ಗೇಣು. ಅದರ ಆಚೆ ಮರಳಿನ ಗುಂಡಿ. ಓಡಿ ಬರಬೇಕು. ಒಂದು ಕಾಲಿನಿಂದ ಹಲಗೆಯನ್ನು ಒದ್ದು ಮೇಲೆ ಹಾರಬೇಕು. ಮರಳಿನಲ್ಲಿ ಬೀಳಬೇಕು. ಅಷ್ಟೇ ಆಟ.

ಹೇಳೋಕೆ ಸುಲಭ, ಮಾಡೋಕೆ ಕಷ್ಟ. ಜೋರಾಗಿ ಓಡುತ್ತಾ ಬರುವಾಗ ಸರಿಯಾಗಿ ಆ ಗೇಣಗಲದ ಹಲಗೆಯ ಮೇಲೆ ಕಾಲಿಡಬೇಕು. ಕಾಲು ಹಿಂದೆ ಬಿದ್ದರೆ ಅಷ್ಟು ಉದ್ದ ಕಳೆದುಹೋಗುತ್ತದೆ. ಹಲಗೆಯ ಮುಂದಿನ ಗೆರೆ ದಾಟಿದರೆ ಜಿಗಿತವೇ ಲೆಕ್ಕಕ್ಕಿಲ್ಲ. ಆಗ ಕೆಂಪು ಬಾವುಟ ಎತ್ತುತ್ತಾರೆ. ಸರಿಯಾಗಿದ್ದರೆ ಬಿಳಿ ಬಾವುಟ. ಅದಕ್ಕೇ ಆಟಗಾರ್ತಿಯರು ತಮ್ಮ ಹೆಜ್ಜೆಗಳನ್ನು ಎಣಿಸಿ ಎಣಿಸಿ ಓಡುತ್ತಾರೆ. ಎಣಿಕೆ ಗೊತ್ತಿಲ್ಲದಿದ್ದರೆ ಈ ಆಟ ಇಲ್ಲ.

ಅಳತೆ ಹೇಗೆ?

ಹಲಗೆಯ ಮುಂದಿನ ಗೆರೆಯಿಂದ ಅಳತೆ ಶುರು. ಮರಳಿನಲ್ಲಿ ಬಿದ್ದ ಗುರುತುಗಳಲ್ಲಿ ಹಲಗೆಗೆ ಯಾವುದು ಹತ್ತಿರವೋ ಅಲ್ಲಿಗೆ ಮುಗಿಯಿತು. ಕಾಲು ಎಷ್ಟೇ ಮುಂದೆ ಹೋಗಿರಲಿ, ಹಿಂದಕ್ಕೆ ವಾಲಿ ಕೈ ಊರಿದರೆ ಕೈ ಊರಿದ ಜಾಗಕ್ಕೇ ಅಳತೆ. ಜಡೆಯ ತುದಿ ಮರಳಿಗೆ ತಗುಲಿದರೂ ಅಲ್ಲಿಗೇ ಅಳತೆ! ಅದಕ್ಕೇ ಎಲ್ಲರೂ ಬೀಳುವಾಗ ಮುಂದಕ್ಕೆ ಬೀಳಲು ನೋಡುತ್ತಾರೆ.

ದೊಡ್ಡ ಸ್ಪರ್ಧೆಯಲ್ಲಿ ಮೊದಲು ಎಲ್ಲರಿಗೂ ಮೂರು ಜಿಗಿತ. ಅದರಲ್ಲಿ ಮುಂದಿರುವವರಿಗೆ ಇನ್ನೂ ಮೂರು ಜಿಗಿತದವರೆಗೆ ಅವಕಾಶ. ಒಟ್ಟು ಆರರಲ್ಲಿ ಯಾವುದು ಉದ್ದವೋ ಅದೇ ಅವಳ ಲೆಕ್ಕ. ಐದು ಸಲ ತಪ್ಪಿದರೂ ಒಂದು ಸಲ ಸರಿಯಾದರೆ ಸಾಕು. ಇಬ್ಬರದೂ ಸಮ ಬಂದರೆ ಅವರ ಎರಡನೇ ಉದ್ದದ ಜಿಗಿತ ನೋಡುತ್ತಾರೆ.

ಇಲ್ಲಿ ಯಾರ ಮಗಳು ಅಂತ ಕೇಳುವುದಿಲ್ಲ. ಯಾವ ಜಾತಿ, ಎಷ್ಟು ಆಸ್ತಿ ಅಂತ ಕೇಳುವುದಿಲ್ಲ. ಮರಳಿನ ಮೇಲೆ ಗುರುತು ಎಲ್ಲಿದೆಯೋ ಅಷ್ಟೇ.

ಅಂಕಿ ಓದೋಣ

ಪತ್ರಿಕೆಯಲ್ಲಿ ಜಿಗಿತದ ಅಳತೆಯನ್ನು ಹೀಗೆ ಬರೆಯುತ್ತಾರೆ: 6.70 ಮೀಟರ್. ನಡುವೆ ಒಂದು ಚುಕ್ಕೆ ಇದೆ. ಹೆದರಬೇಡಿ. ಇದು ದುಡ್ಡಿನ ಲೆಕ್ಕದ ಹಾಗೇ. ಒಂದು ರೂಪಾಯಿಗೆ 100 ಪೈಸೆ. ಒಂದು ಮೀಟರಿಗೆ 100 ಸೆಂಟಿಮೀಟರ್. ಬ್ಯಾಂಕ್ ಪಾಸ್ ಪುಸ್ತಕದಲ್ಲಿ 6.70 ಅಂದರೆ 6 ರೂಪಾಯಿ 70 ಪೈಸೆ. ಇಲ್ಲಿ 6.70 ಅಂದರೆ 6 ಮೀಟರ್ 70 ಸೆಂಟಿಮೀಟರ್.

ಒಂದು ಸೆಂಟಿಮೀಟರ್ ಎಷ್ಟಿರುತ್ತೆ? ನಿಮ್ಮ ಕಿರುಬೆರಳಿನ ಉಗುರು ನೋಡಿಕೊಳ್ಳಿ. ಹೆಚ್ಚುಕಮ್ಮಿ ಅದರ ಅಗಲ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಪ್ಯಾರಿಸ್, 2003

ಅಂಜು ಹುಟ್ಟಿದ್ದು 1977ರಲ್ಲಿ, ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ. ಅವರ ಗಂಡ ಬಾಬಿ ಜಾರ್ಜ್ ಅವರೇ ಅವರಿಗೆ ತರಬೇತಿ ಕೊಟ್ಟರು. ಮುಂದೆ ಇಬ್ಬರೂ ಬೆಂಗಳೂರನ್ನೇ ತಮ್ಮ ಊರು ಮಾಡಿಕೊಂಡರು.

2003ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಓಟ, ಜಿಗಿತ, ಎಸೆತ ಇಂಥ ಆಟಗಳಿಗೆ ಇದು ಇಡೀ ಪ್ರಪಂಚದ ಸ್ಪರ್ಧೆ. ಇದು ಶುರುವಾದದ್ದು 1983ರಲ್ಲಿ. ಇಪ್ಪತ್ತು ವರ್ಷ ಆಗಿತ್ತು. ಅಲ್ಲಿಯವರೆಗೆ ಭಾರತಕ್ಕೆ ಒಂದೇ ಒಂದು ಪದಕ ಬಂದಿರಲಿಲ್ಲ. ಗಂಡಸರಿಗೂ ಬಂದಿರಲಿಲ್ಲ, ಹೆಂಗಸರಿಗೂ ಬಂದಿರಲಿಲ್ಲ.

ಅಂಜು 6.70 ಮೀಟರ್ ಹಾರಿದರು. ಫ್ರಾನ್ಸ್ ದೇಶದ ಯೂನಿಸ್ ಬಾರ್ಬರ್ 6.99 ಮೀಟರ್ ಹಾರಿ ಚಿನ್ನ ಗೆದ್ದರು. ರಷ್ಯಾದ ತತ್ಯಾನಾ ಕೊಟೋವಾ 6.74 ಮೀಟರ್ ಹಾರಿ ಬೆಳ್ಳಿ ಪಡೆದರು. ಮೂರನೆಯವರು ನಮ್ಮ ಅಂಜು. ಅವರಿಗೆ ಕಂಚು. ಬೆಳ್ಳಿಗೂ ಅವರಿಗೂ ಬರೀ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ.

ಹೀಗೆ ಆ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಪದಕ ತಂದದ್ದು ಒಬ್ಬ ಹೆಣ್ಣುಮಗಳು. ಎರಡನೇ ಪದಕಕ್ಕೆ ದೇಶ 19 ವರ್ಷ ಕಾಯಬೇಕಾಯಿತು. 2022ರಲ್ಲಿ ಈಟಿ ಎಸೆತದಲ್ಲಿ ನೀರಜ್ ಚೋಪ್ರಾ ಬೆಳ್ಳಿ ತಂದರು. ಅಲ್ಲಿಯವರೆಗೆ ಆ ಮನೆಯಲ್ಲಿ ಉರಿಯುತ್ತಿದ್ದದ್ದು ಅಂಜು ಹಚ್ಚಿಟ್ಟ ಒಂದೇ ದೀಪ.

ಮರುವರ್ಷ, 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಂಜು 6.83 ಮೀಟರ್ ಹಾರಿದರು. ಪದಕ ಸಿಗಲಿಲ್ಲ. ಆದರೆ ಭಾರತದ ಹೆಂಗಸರಲ್ಲಿ ಅದೇ ಅತಿ ಉದ್ದದ ಜಿಗಿತವಾಯಿತು. ಇಪ್ಪತ್ತು ವರ್ಷ ಕಳೆದರೂ ಆ ದಾಖಲೆ ಅಳಿಯಲಿಲ್ಲ.

2005ರಲ್ಲಿ ಮೊನಾಕೊ ಎಂಬಲ್ಲಿ ಇನ್ನೊಂದು ದೊಡ್ಡ ಸ್ಪರ್ಧೆ. ಅಲ್ಲಿ ಅಂಜು ಎರಡನೆಯವರಾದರು. ಮೊದಲು ಬಂದವರು ಅದೇ ಕೊಟೋವಾ. ಕೊಟೋವಾ ಶಕ್ತಿ ಹೆಚ್ಚಿಸುವ ನಿಷೇಧಿತ ಮದ್ದು ತೆಗೆದುಕೊಂಡಿದ್ದರು ಅಂತ ಎಷ್ಟೋ ವರ್ಷದ ಮೇಲೆ ಪರೀಕ್ಷೆಯಲ್ಲಿ ತಿಳಿಯಿತು. 2014ರಲ್ಲಿ ಆ ಚಿನ್ನ ಅಂಜು ಅವರಿಗೆ ಬಂತು. ತಡವಾದರೂ ಲೆಕ್ಕ ಸರಿಹೋಯಿತು.

ಇನ್ನೊಂದು ಸಂಗತಿ ಇದೆ. ಅಂಜು ಅವರಿಗೆ ಇರುವುದು ಒಂದೇ ಮೂತ್ರಪಿಂಡ. ಇದನ್ನು ಅವರು 2020ರಲ್ಲಿ ತಾವೇ ಎಲ್ಲರಿಗೂ ತಿಳಿಸಿದರು. ಅಷ್ಟು ದಿನ ಹಾರಿದ್ದೆಲ್ಲ ಅಂಥ ಮೈಯಲ್ಲೇ.

ದರ್ಜಿ ಕೆಲಸದ ತಾಯಿ, ಜಿಗಿಯುವ ಮಗಳು

ತಾನು ಗೆದ್ದೆ, ಸಾಕು ಅಂತ ಅಂಜು ಕೂರಲಿಲ್ಲ. 2016ರಲ್ಲಿ ಹುಡುಗಿಯರಿಗೆ ತರಬೇತಿ ಕೊಡಲು ಒಂದು ಕೇಂದ್ರ ಶುರು ಮಾಡಿದರು. ಬೆಂಗಳೂರಿನಲ್ಲಿ. ತಿಪಟೂರಿನಲ್ಲಿ ರೈಲು ಹತ್ತಿದರೆ ಸುಮಾರು ಮೂರು ಗಂಟೆ ದಾರಿ, ಅಷ್ಟೇ.

ಅಲ್ಲಿಗೆ ಒಬ್ಬ ಹುಡುಗಿ ಬಂದಳು. ಹೆಸರು ಶೈಲಿ ಸಿಂಗ್. ಊರು ಉತ್ತರ ಪ್ರದೇಶದ ಝಾನ್ಸಿ. ಹುಟ್ಟಿದ್ದು 2004ರಲ್ಲಿ. ತಾಯಿ ವಿನೀತಾ ಸಿಂಗ್ ಬಟ್ಟೆ ಹೊಲಿಯುವವರು. ಮೂರು ಮಕ್ಕಳನ್ನು ಒಬ್ಬರೇ ಸಾಕಿದರು. ಹೊಲಿಗೆ ಯಂತ್ರವೇ ಮನೆಗೆ ಆಧಾರ.

ಹದಿಮೂರು ಹದಿನಾಲ್ಕರ ಮಗಳನ್ನು ಅಷ್ಟು ದೂರ ಕಳಿಸಬೇಕು. ಭಾಷೆ ಬೇರೆ, ಊಟ ಬೇರೆ. ಊರಿಗೆ ಬರಬೇಕೆಂದರೆ ಒಂದು ದಿನಕ್ಕಿಂತ ಹೆಚ್ಚು ರೈಲಿನಲ್ಲೇ ಕಳೆಯಬೇಕು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಮನಸ್ಸು ಮುಟ್ಟಿ ಹೇಳೋಣ. ಮಗ ಆಗಿದ್ದರೆ ಕಳಿಸುತ್ತಿದ್ದೆವೇನೋ. ಮಗಳನ್ನು ಕಳಿಸೋಕೆ ಹತ್ತು ಸಲ ಯೋಚಿಸುತ್ತಿದ್ದೆವು. ವಿನೀತಾ ಕಳಿಸಿದರು.

ನೈರೋಬಿ, 2021

ಮೂರು ವರ್ಷ ಅಭ್ಯಾಸ ನಡೆಯಿತು. 2021ರ ಆಗಸ್ಟ್‌ನಲ್ಲಿ ಆಫ್ರಿಕಾದ ಕೀನ್ಯಾ ದೇಶದ ನೈರೋಬಿಯಲ್ಲಿ ವಿಶ್ವ ಸ್ಪರ್ಧೆ. ಇದು 20 ವರ್ಷದ ಒಳಗಿನವರಿಗೆ. ಶೈಲಿಗೆ ಆಗ 17 ವರ್ಷ.

ಮೂರನೇ ಜಿಗಿತದಲ್ಲಿ ಅವಳು 6.59 ಮೀಟರ್ ಹಾರಿದಳು. ಎಲ್ಲರಿಗಿಂತ ಮುಂದೆ ನಿಂತಳು. ಆಮೇಲೆ ಸ್ವೀಡನ್ ದೇಶದ ಮಾಯಾ ಆಸ್ಕಾಗ್ ತಮ್ಮ ನಾಲ್ಕನೇ ಜಿಗಿತ ಹಾರಿದರು. ಅಳತೆ ಬಂತು: 6.60 ಮೀಟರ್.

ಲೆಕ್ಕ ಹಾಕಿ. 6.60ರಲ್ಲಿ 6.59 ಕಳೆದರೆ ಉಳಿಯುವುದೆಷ್ಟು? ಒಂದು ಸೆಂಟಿಮೀಟರ್. ನಿಮ್ಮ ಕಿರುಬೆರಳಿನ ಉಗುರು!

ಉಳಿದ ಜಿಗಿತಗಳಲ್ಲಿ ಶೈಲಿಗೆ ಅದನ್ನು ದಾಟಲು ಆಗಲಿಲ್ಲ. ಚಿನ್ನ ಸ್ವೀಡನ್ನಿಗೆ ಹೋಯಿತು. ಶೈಲಿಗೆ ಬೆಳ್ಳಿ ಬಂತು.

ಹೊಲಿಗೆ ಗೊತ್ತಿರುವ ಅಕ್ಕಂದಿರಿಗೆ ಒಂದು ಸೆಂಟಿಮೀಟರಿನ ಬೆಲೆ ಚೆನ್ನಾಗಿ ಗೊತ್ತು. ರವಿಕೆಯ ತೋಳಿನಲ್ಲಿ ಒಂದು ಸೆಂಟಿಮೀಟರ್ ಕಡಿಮೆ ಹಿಡಿದರೆ ಕೈ ಹೋಗುವುದಿಲ್ಲ. ಬಟ್ಟೆಯ ಅಳತೆ ಹಿಡಿದು ಸಾಕಿದ ತಾಯಿಯ ಮಗಳು ಅಳತೆಯ ಒಂದೇ ಗೀಟಿನಲ್ಲಿ ಚಿನ್ನ ಕಳೆದುಕೊಂಡಳು. ಆದರೆ ಇದನ್ನೂ ನೋಡಿ. ಆ ಮನೆಯಿಂದ ಹೊರಟ ಹುಡುಗಿ ಆ ದಿನ ತನ್ನ ವಯಸ್ಸಿನವರಲ್ಲಿ ಇಡೀ ಪ್ರಪಂಚಕ್ಕೇ ಎರಡನೆಯವಳು.

ಆಮೇಲೆ ಏನಾಯಿತು? ಅವಳು ಬಿಟ್ಟು ಮನೆಗೆ ಹೋಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 6.76 ಮೀಟರ್ ಹಾರಿದಳು. ಅದೇ ವರ್ಷ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಳು. 2021ರಲ್ಲೇ ಅಂಜು ಅವರಿಗೂ ಒಂದು ಗೌರವ ಬಂತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅವರಿಗೆ 'ವರ್ಷದ ಮಹಿಳೆ' ಪ್ರಶಸ್ತಿ ಕೊಟ್ಟಿತು. ಅದು ಅವರು ಹಾರಿದ್ದಕ್ಕೆ ಅಲ್ಲ. ಬೇರೆ ಹುಡುಗಿಯರನ್ನು ಬೆಳೆಸಿದ್ದಕ್ಕೆ.

ಕೊಬ್ಬರಿ ಆಗೋಕೆ ಕಾಲ ಬೇಕು

ನಮ್ಮ ಕಡೆ ಕಾಯಿ ಕಿತ್ತ ದಿನವೇ ಕೊಬ್ಬರಿ ಆಗುವುದಿಲ್ಲ. ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ಆರಬೇಕು, ಕಾಯಿ ಬಿಡಬೇಕು, ಅಲ್ಲಾಡಿಸಿದರೆ ಗುಂಡು ಸದ್ದು ಮಾಡಬೇಕು. ಆಗ ಸುಲಿದು, ಒಡೆದು ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತೇವೆ. ಆತುರಪಟ್ಟು ಮೊದಲೇ ಒಡೆದರೆ ನಷ್ಟ ನಮಗೇ.

ಆಟವೂ ಹಾಗೇ. ಒಂದು ಸೆಂಟಿಮೀಟರ್ ಮುಂದೆ ಹೋಗೋಕೆ ಕೆಲವರಿಗೆ ಒಂದು ವರ್ಷ ಬೇಕು. ಹುಡುಗಿಯನ್ನು ಎಂಟನೇ ತರಗತಿಗೇ ಆಟದಿಂದ ಬಿಡಿಸಿದರೆ ಎಳೆಗಾಯಿ ಒಡೆದ ಹಾಗೆ. ಅವಳಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

"ಮದುವೆ ಆಗಿ ಮಕ್ಕಳಾದ ಮೇಲೆ ಇದೆಲ್ಲ ಎಲ್ಲಿ?" ಅಂತ ಕೇಳಬಹುದು. ನಮ್ಮ ಕರ್ನಾಟಕದವರೇ ಆದ ಪ್ರಮೀಳಾ ಅಯ್ಯಪ್ಪ ಹೆಪ್ಟಾಥ್ಲಾನ್ ಎಂಬ ಸ್ಪರ್ಧೆಯ ಆಟಗಾರ್ತಿ. ಅದರಲ್ಲಿ ಏಳು ಆಟ ಇರುತ್ತವೆ. ಉದ್ದಜಿಗಿತವೂ ಅದರಲ್ಲಿ ಒಂದು. ಅವರು 2010ರ ಏಷ್ಯಾ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಆಗ ಅವರು ಒಂದು ಮಗುವಿನ ತಾಯಿ. ಆ ಮಗಳೂ ಬೆಳೆದು ಆಟಗಾರ್ತಿಯಾದಳು.

ಹಿಂದೆ ಪ್ರಪಂಚವೇ ಹೆಂಗಸರನ್ನು ಹೊರಗಿಟ್ಟಿತ್ತು. ಒಲಿಂಪಿಕ್ಸ್‌ನಲ್ಲಿ ಗಂಡಸರ ಉದ್ದಜಿಗಿತ 1896ರಲ್ಲೇ ಶುರುವಾಯಿತು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1948ರಲ್ಲಿ. ನಡುವೆ 52 ವರ್ಷ. ಅವಕಾಶ ಸಿಕ್ಕ ಮೇಲೆ ಏನಾಯಿತು? ಮೊದಲ ಸಲ ಚಿನ್ನ ಗೆದ್ದ ಹಂಗೇರಿಯ ಓಲ್ಗಾ ಜಾರ್ಮಾಟಿ ಹಾರಿದ್ದು 5.69 ಮೀಟರ್. ಹೆಚ್ಚುಕಮ್ಮಿ ಒಂದು ಸೀರೆ. ನಲವತ್ತು ವರ್ಷದ ಮೇಲೆ, 1988ರಲ್ಲಿ, ಸೋವಿಯತ್ ದೇಶದ ಗಲೀನಾ ಚಿಸ್ತ್ಯಾಕೋವಾ 7.52 ಮೀಟರ್ ಹಾರಿದರು. ಅದು ವಿಶ್ವ ದಾಖಲೆ. ನಾವು ತೆಂಗಿನ ಸಸಿ ನೆಡುವಾಗ ಗುಂಡಿಯಿಂದ ಗುಂಡಿಗೆ 27ರಿಂದ 30 ಅಡಿ ಬಿಡುತ್ತೇವೆ. ಚಿಸ್ತ್ಯಾಕೋವಾ ಹಾರಿದ್ದು ಇಪ್ಪತ್ನಾಲ್ಕೂವರೆ ಅಡಿಗೂ ಹೆಚ್ಚು. ತೋಟದಲ್ಲಿ ಒಂದು ಮರದ ಬುಡದಿಂದ ಹಾರಿದ್ದರೆ ಪಕ್ಕದ ಮರದ ಪಾತಿಯೊಳಗೆ ಬೀಳುತ್ತಿದ್ದರು!

ನಮ್ಮ ಶಾಲೆಯ ಹುಡುಗಿ

ಈಗ ನಮ್ಮದೇ ಒಂದು ಮಾತು ಹೇಳುತ್ತೇವೆ. ಹೇಳೋಕೆ ಸಂಕೋಚ. ಆದರೂ ಹೇಳಬೇಕು.

ನಾವು ಪಾಠ ಮಾಡುವ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಏಳನೇ ತರಗತಿಯಲ್ಲಿ ಬರಿಗಾಲಲ್ಲಿ ಓಡಿ ಬಂದು ನಾಲ್ಕು ಮೀಟರ್ ಹಾರುತ್ತಿದ್ದಳು. ಹುಡುಗರೂ ನಿಂತು ನೋಡುತ್ತಿದ್ದರು. ಎಂಟನೇ ತರಗತಿಗೆ ಬಂದಳು. ಮೈನೆರೆದಳು. ಆಮೇಲೆ ಆಟದ ಹೊತ್ತಿನಲ್ಲಿ ಗೋಡೆಗೆ ಒರಗಿ ನಿಲ್ಲೋಕೆ ಶುರು ಮಾಡಿದಳು. ಕೇಳಿದೆವು. "ಮನೇಲಿ ಬೇಡ ಅಂದ್ರು ಮಿಸ್" ಅಂದಳು.

ನಾವು ಅವಳ ಮನೆಗೆ ಹೋಗಬೇಕಿತ್ತು. ಅವಳ ತಾಯಿಯ ಹತ್ತಿರ ಕೂತು ಮಾತಾಡಬೇಕಿತ್ತು. ಹೋಗಲಿಲ್ಲ. ತಾಲ್ಲೂಕು ಆಟೋಟದ ಪಟ್ಟಿ ತೆಗೆದು ಅವಳ ಹೆಸರಿನ ಮೇಲೆ ಒಂದು ಗೀಟು ಎಳೆದೆವು. ಬೇರೆ ಹುಡುಗಿಯ ಹೆಸರು ಬರೆದೆವು. ಆ ವರ್ಷ ತಾಲ್ಲೂಕಿನಲ್ಲಿ ಗೆದ್ದವಳ ಅಳತೆ ಇವಳು ಹಾರುತ್ತಿದ್ದದ್ದಕ್ಕಿಂತ ಕಡಿಮೆ ಇತ್ತು.

ಆ ಗೀಟು ಎಳೆದದ್ದು ನಮ್ಮ ಕೈ. ತಪ್ಪು ಮನೆಯವರದ್ದು ಮಾತ್ರ ಅಲ್ಲ.

ಅವಳು ಪದಕ ತರುತ್ತಿದ್ದಳು ಅಂತ ನಾವು ಹೇಳುವುದಿಲ್ಲ. ಎಲ್ಲರೂ ಅಂಜು ಆಗುವುದಿಲ್ಲ. ಆದರೆ ತನಗೆ ಎಷ್ಟು ದೂರ ಹಾರೋಕೆ ಆಗುತ್ತೆ ಅಂತ ಒಂದು ಸಲ ಅಳೆದು ನೋಡುವ ಹಕ್ಕು ಅವಳಿಗಿತ್ತು. ಅದನ್ನು ನಾವೆಲ್ಲ ಸೇರಿ ಕಿತ್ತುಕೊಂಡೆವು.

ನಾವು ಏನು ಮಾಡಬಹುದು?

ಮೈನೆರೆದ ಮೇಲೂ ಹುಡುಗಿಯರು ಓಡಬಹುದು, ಹಾರಬಹುದು. ಮುಟ್ಟಿನ ದಿನಗಳಲ್ಲಿ ನೋವಿದ್ದರೆ ವಿಶ್ರಾಂತಿ ಕೊಡಿ. ನೋವಿಲ್ಲದಿದ್ದರೆ ಆಡಲಿ, ಏನೂ ಆಗುವುದಿಲ್ಲ.

ಆಡುವ ಮಗುವಿಗೆ ಹೊಟ್ಟೆ ತುಂಬ ಊಟ ಬೇಕು. ರಾಗಿ ಮುದ್ದೆ, ಹುರುಳಿಕಾಳು, ಸೊಪ್ಪು, ಕಡಲೆಕಾಯಿ, ಮೊಟ್ಟೆ. ಇವು ನಮ್ಮಲ್ಲೇ ಸಿಗುತ್ತವೆ. ಮಗನಿಗೆ ಬಡಿಸಿದಷ್ಟೇ ಮಗಳಿಗೂ ಬಡಿಸೋಣ.

ಗಟ್ಟಿ ನೆಲದ ಮೇಲೆ ಹಾರಿಸಬೇಡಿ. ಕಾಲು ಉಳುಕುತ್ತದೆ. ಶಾಲೆಯ ಮರಳಿನ ಗುಂಡಿಯನ್ನು ಮೊದಲು ಗುದ್ದಲಿಯಿಂದ ಅಗೆದು ಸಡಿಲ ಮಾಡಬೇಕು. ಕಲ್ಲು, ಗಾಜಿನ ಚೂರು, ಮುಳ್ಳು ಆರಿಸಬೇಕು.

ಶಾಲೆಯ ಸಭೆಗೆ ಕರೆದಾಗ ತಪ್ಪದೆ ಬನ್ನಿ. "ನಮ್ಮ ಹುಡುಗಿಯರಿಗೆ ಆಟದ ಪೀರಿಯಡ್ ಇದೆಯಾ? ಮರಳಿನ ಗುಂಡಿ ಇದೆಯಾ? ಆಟೋಟದ ಪಟ್ಟಿಯಲ್ಲಿ ಯಾರ ಹೆಸರಿದೆ?" ಅಂತ ಕೇಳಿ. ಪಟ್ಟಿ ತೋರಿಸಿ ಅನ್ನಿ. ಈಗ ನಿಮಗೆ ಓದೋಕೆ ಬರುತ್ತೆ. ಹೆಸರಿನ ಮೇಲೆ ಗೀಟು ಬಿದ್ದಿದ್ದರೆ ನಿಮಗೇ ಕಾಣುತ್ತೆ.

ಮಾಡಿ ನೋಡೋಣ

1. ಅಂಗಳದಲ್ಲಿ ಸೀರೆ ಹಾಸಿ. ಅದರ ಪಕ್ಕದಲ್ಲಿ 6.70 ಮೀಟರ್ ಅಳೆದು ಗೆರೆ ಎಳೆಯಿರಿ. ಸೀರೆಗಿಂತ ಎಷ್ಟು ಹೆಚ್ಚು ಬಂತು?

2. ಈ ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ: 6.70, 6.59, 6.83, 6.60, 6.76. ಯಾವ ಅಳತೆ ಯಾರದು? ಪಕ್ಕದಲ್ಲಿ ಹೆಸರು ಬರೆಯಿರಿ.

ಮಾತಾಡೋಣ

1. ವಿನೀತಾ ಅವರ ಜಾಗದಲ್ಲಿ ನೀವಿದ್ದರೆ ಮಗಳನ್ನು ಕಳಿಸುತ್ತಿದ್ದಿರಾ?

2. ಚಿಕ್ಕವರಿದ್ದಾಗ ನೀವು ಯಾವ ಆಟ ಆಡುತ್ತಿದ್ದಿರಿ? ಅದು ಯಾವಾಗ ನಿಂತಿತು? ಯಾರು ನಿಲ್ಲಿಸಿದರು?